ದಾನ ಮತ್ತು ಪಾಲನೆ: ಕೋಲಾರ ಸೀಮೆಯ ದತ್ತಿಶಾಸನಗಳ ಉತ್ತರಭಾಗವನ್ನು ಕುರಿತು ಒಂದು ವಿಮರ್ಶೆ

೧

ಶಾಸನಗಳನ್ನು ಓದುವ ಪದ್ಧತಿಯೊಂದು ನಮ್ಮ ಕಾಲೇಜುಗಳಲ್ಲಿ ಬಹುಕಾಲದಿಂದ ರೂಢಿಯಾಗಿದೆ. ಶಾಸನದ ಪೂರ್ವಭಾಗದಲ್ಲಿ ಬರುವ ಬಿರುದಾವಳಿ, ವಂಶಾವಳಿ, ಶಕವರ್ಷ, ತಿಥಿವಾರಗಳು ಇತಿಹಾಸದ ಅಧ್ಯಾಪಕನ ಪಾಲಿಗೆ ಸಲ್ಲುತ್ತವೆ. ನಡುವೆ ಎಲ್ಲಿಯಾದರೂ ಒಂದು ಕಂದವೋ ವೃತ್ತವೋ ಇದ್ದರೆ ಅದು ಸಾಹಿತ್ಯದ ಅಧ್ಯಾಪಕನ ಪಾಲಿಗೆ ಸಲ್ಲುತ್ತದೆ. ಏನನ್ನು ಕೊಟ್ಟರು, ಯಾವ ಕಟ್ಟಳೆಯಿಂದ ಕೊಟ್ಟರು, ಅದನ್ನು ಕಾದವನಿಗೆ ಯಾವ ಫಲ, ಅಳಿದವನಿಗೆ ಯಾವ ಗತಿ ಎಂದು ಹೇಳುವ ಉತ್ತರಭಾಗ ಮಾತ್ರ ಯಾರ ಪಾಲಿಗೂ ಬರುವುದಿಲ್ಲ. ಅದು ಎಲ್ಲ ಶಾಸನಗಳಲ್ಲಿಯೂ ಒಂದೇ ತೆರನಾಗಿರುತ್ತದೆ ಎಂಬುದು ಅದನ್ನು ಬಿಡುವುದಕ್ಕೆ ಕೊಡುವ ಕಾರಣ.

ಈ ರೂಢಿಗೆ ಮೂಲ ಬಹು ದೂರದಲ್ಲಿಲ್ಲ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವನ್ನು ಕೋಲಾರ ಜಿಲ್ಲೆಗೆ ಮೀಸಲಿಟ್ಟು ೧೯೦೫ರಲ್ಲಿ ಪ್ರಕಟಿಸಿದರು. ಆ ಮಹತ್ಕಾರ್ಯಕ್ಕೆ ನಾವೆಲ್ಲರೂ ಋಣಿಗಳು. ಆದರೆ ಅವರ ಭಾಷಾಂತರಗಳಲ್ಲಿ ದಾನದ ವಿವರ ಮುಗಿದೊಡನೆ, ಇಲ್ಲಿ ವಾಡಿಕೆಯ ಅಂತ್ಯಶ್ಲೋಕಗಳಿವೆ ಎಂಬರ್ಥದ ಒಂದು ಸೂಚನೆ ಬರುತ್ತದೆ. ಓದುಗನು ಅಲ್ಲಿಗೆ ಪುಟವನ್ನು ಮಗುಚುತ್ತಾನೆ. ಸಹಸ್ರಾರು ಶಾಸನಗಳನ್ನು ಅನುವಾದಿಸಬೇಕಾಗಿದ್ದವರಿಗೆ ಈ ಸಂಕ್ಷೇಪ ಅನಿವಾರ್ಯವಾಗಿತ್ತು; ಅದಕ್ಕಾಗಿ ಅವರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಆರ್. ನರಸಿಂಹಾಚಾರ್ಯರ ‘ಶಾಸನ ಪದ್ಯಮಂಜರಿ’ಯು ಶಾಸನಗಳಲ್ಲಿ ಕಾವ್ಯವಿದೆಯೆಂಬುದನ್ನು ಕನ್ನಡಿಗರಿಗೆ ತೋರಿಸಿಕೊಟ್ಟಿತು, ಆದರೆ ಆಯ್ಕೆಯ ಸ್ವಭಾವಕ್ಕೆ ತಕ್ಕಂತೆ ದತ್ತಿಯ ಬರಿಯ ಗದ್ಯ ಅದರಿಂದ ಹೊರಗುಳಿಯಿತು. ೧೯೬೬ರಲ್ಲಿ ಪ್ರಕಟವಾದ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವು ಜನಜೀವನದ ಕಡೆಗೆ ನಮ್ಮ ದೃಷ್ಟಿಯನ್ನು ತಿರುಗಿಸಿತು. ಅವರು ತೆರೆದ ದಾರಿಯಲ್ಲಿಯೇ ಒಂದು ಹೆಜ್ಜೆ ಮುಂದಿಟ್ಟು, ಈ ಉತ್ತರಭಾಗವನ್ನು ಒಂದು ವಿಚಾರವಾಗಿ ಓದಬೇಕೆಂಬುದು ನಮ್ಮ ಸೂಚನೆ.

ನಮ್ಮ ವಾದವನ್ನು ಮೊದಲೇ ಹೇಳಿಬಿಡಬಹುದು. ದತ್ತಿಶಾಸನವು ದಾನ ಶಾಶ್ವತವೆಂದು ಹೊಗಳುವ ಬರಹ ಎಂದು ಸಾಮಾನ್ಯವಾಗಿ ತಿಳಿಯಲಾಗಿದೆ. ವಸ್ತುತಃ ಅದು ದಾನದ ಅಶಾಶ್ವತತೆಯನ್ನು ಚೆನ್ನಾಗಿ ಬಲ್ಲವರು ಬರೆಯಿಸಿದ ಬರಹ. ದಾನವು ಉಳಿಯುವುದು ಕಲ್ಲಿನ ಬಲದಿಂದಲ್ಲ, ಮುಂದೆ ಬರುವ ಅಪರಿಚಿತನೊಬ್ಬನ ನಿಷ್ಠೆಯಿಂದ ಎಂಬ ಅರಿವು ಅದರ ಹೃದಯದಲ್ಲಿದೆ. ಕೋಲಾರದ ಚಿನ್ನದ ಗಣಿಗಳಿಗೆ ಕೆಲವೇ ಮೈಲಿ ದೂರದಲ್ಲಿರುವ ಬೇತಮಂಗಲದ ಕೆರೆಯು ಈ ಮಾತಿಗೆ ಬಹು ಸ್ಪಷ್ಟವಾದ ನಿದರ್ಶನ.

೨

ಮೊದಲು ಅಂತ್ಯಶ್ಲೋಕಗಳನ್ನು ವಿಚಾರಿಸೋಣ. ಕನ್ನಡನಾಡಿನ ಶಾಸನಗಳಲ್ಲಿ ಪದೇ ಪದೇ ಕಾಣಬರುವ ಸಂಸ್ಕೃತ ಶ್ಲೋಕಗಳಲ್ಲಿ ಮೂರನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಅವು ಎಲ್ಲರಿಗೂ ಪರಿಚಿತವಾಗಿರುವುದರಿಂದ ತಾತ್ಪರ್ಯವನ್ನು ಮಾತ್ರ ಹೇಳಿದರೆ ಸಾಕು.

ಮೊದಲನೆಯದರ ಅಭಿಪ್ರಾಯವಿದು: ಸಗರನೇ ಮೊದಲಾದ ಅನೇಕ ಅರಸರು ಈ ಭೂಮಿಯನ್ನು ದಾನಮಾಡಿದ್ದಾರೆ, ಯಾವ ಯಾವ ಕಾಲದಲ್ಲಿ ಭೂಮಿಯು ಯಾರ ಯಾರ ವಶದಲ್ಲಿರುವುದೋ ಆಯಾ ಕಾಲದಲ್ಲಿ ದಾನದ ಫಲವೂ ಅವರಿಗೇ ಸೇರುವುದು. ಎರಡನೆಯದು, ದಾನ ಮತ್ತು ಪಾಲನೆ ಇವೆರಡರಲ್ಲಿ ಪಾಲನೆಯೇ ಮಿಗಿಲು ಎನ್ನುತ್ತದೆ. ದಾನದಿಂದ ಸ್ವರ್ಗ ಲಭಿಸಿದರೆ ಪಾಲನೆಯಿಂದ ಚ್ಯುತಿಯಿಲ್ಲದ ಪದವಿ ಲಭಿಸುತ್ತದೆ. ಮೂರನೆಯದು ಶ್ರೀರಾಮಚಂದ್ರನ ಬಾಯಲ್ಲಿ ಇಟ್ಟಿರುವ ಮಾತು. ಮುಂದೆ ಬರಲಿರುವ ಎಲ್ಲ ಅರಸರನ್ನೂ ಕುರಿತು ಆತನು ಮತ್ತೆ ಮತ್ತೆ ಬೇಡಿಕೊಳ್ಳುತ್ತಾನೆ: ಈ ಧರ್ಮಸೇತುವು ನಮಗೆಲ್ಲರಿಗೂ ಸಮಾನವಾದದ್ದು, ಕಾಲಕಾಲಕ್ಕೂ ಇದನ್ನು ನೀವು ಕಾಯಬೇಕು.

ಈ ಮೂರನ್ನು ಬಿಡಿಬಿಡಿಯಾಗಿ ನೋಡಿದರೆ ಸುಭಾಷಿತಗಳಂತೆ ಕಾಣುತ್ತವೆ. ಒಟ್ಟಿಗೆ ನೋಡಿದರೆ ಒಂದು ವಾದಸರಣಿ ಹೊರಡುತ್ತದೆ. ಮೊದಲನೆಯ ಶ್ಲೋಕವು ದಾನಿಯ ಏಕಸ್ವಾಮ್ಯವನ್ನು ತೆಗೆದುಹಾಕುತ್ತದೆ. ಕೊಟ್ಟವನು ನಾನೊಬ್ಬನೇ ಎಂಬ ಹೆಮ್ಮೆಗೆ ಅಲ್ಲಿ ಎಡೆಯಿಲ್ಲ. ಆತನ ಹಿಂದೆಯೂ ಕೊಟ್ಟವರಿದ್ದರು, ಮುಂದೆ ಕಾಯುವವನಿಗೂ ಅಷ್ಟೇ ಫಲವುಂಟು. ಎರಡನೆಯದು ತೂಕವನ್ನು ದಾನಿಯ ತಟ್ಟೆಯಿಂದ ಪಾಲಕನ ತಟ್ಟೆಗೆ ಬದಲಾಯಿಸುತ್ತದೆ. ಮೂರನೆಯದರಲ್ಲಿ ದಾನಿಯೇ ಯಾಚಕನಾಗುತ್ತಾನೆ. ಕೊಡುವ ಅರಸನು ಇನ್ನೂ ಹುಟ್ಟದವರ ಮುಂದೆ ಕೈಯೊಡ್ಡಿ ನಿಲ್ಲುವ ಈ ಚಿತ್ರವನ್ನು, ಅದೇ ಶಾಸನದ ಪೂರ್ವಭಾಗದಲ್ಲಿ ವೈರಿಗಳ ತಲೆಗಳನ್ನು ಚೆಂಡಾಡುವ ಅರಸನ ಚಿತ್ರದೊಡನೆ ಹೋಲಿಸಬೇಕು. ಒಂದೇ ಶಿಲೆಯ ಮೇಲೆ ಒಂದೇ ಅರಸನ ಎರಡು ಮುಖಗಳಿವೆ. ನಮ್ಮ ಪಠ್ಯಪುಸ್ತಕಗಳು ಮೊದಲನೆಯ ಮುಖವನ್ನೇ ಇತಿಹಾಸವೆಂದು ಸ್ವೀಕರಿಸಿವೆ.

‘ಸೇತು’ ಎಂಬ ಶಬ್ದವನ್ನೂ ಇಲ್ಲಿ ಗಮನಿಸಬೇಕು. ಈಗ ಅದಕ್ಕೆ ನದಿಯನ್ನು ದಾಟುವ ಸಾಧನವೆಂಬ ಅರ್ಥವೇ ಮುಂದಾಗಿದೆ. ನೀರನ್ನು ತಡೆದು ನಿಲ್ಲಿಸುವ ಕಟ್ಟೆ, ಏರಿ ಎಂಬುದೂ ಅದರ ಪ್ರಾಚೀನ ಅರ್ಥ. ಕೆರೆಗಳ ನಾಡಾದ ಕೋಲಾರದಲ್ಲಿ ಆ ಶ್ಲೋಕವನ್ನು ಕೇಳಿದವರಿಗೆ ಧರ್ಮಸೇತುವೆಂದರೆ ಕಣ್ಣೆದುರಿಗಿದ್ದ ಮಣ್ಣಿನ ಏರಿಯೇ ತೋರಿದ್ದರೆ ಆಶ್ಚರ್ಯವಿಲ್ಲ. ಏರಿಯ ಗುಣವೆಂದರೆ, ಅದನ್ನು ಒಮ್ಮೆ ಕಟ್ಟಿ ಬಿಟ್ಟುಬಿಡುವಂತಿಲ್ಲ. ಇಲಿಯ ಬಿಲವೊಂದು ಸಾಕು ಅದನ್ನು ಕೆಡಿಸುವುದಕ್ಕೆ.

ಗಂಗ ನೊಳಂಬರ ಕಾಲದ ಚಿಕ್ಕ ಶಾಸನಗಳಲ್ಲಿ ಶ್ಲೋಕಗಳು ಅಪರೂಪ. ಒಂದೆರಡು ವಾಕ್ಯಗಳ ಹಳಗನ್ನಡ ಶಾಪವಿರುತ್ತದೆ. ಇದನ್ನು ಅಳಿದವನಿಗೆ ವಾರಣಾಸಿಯನ್ನೂ ಸಾವಿರ ಕಪಿಲೆಗಳನ್ನೂ ಅಳಿದ ಪಾಪವೆಂದು ಅವು ಹೇಳುತ್ತವೆ. ಕೆಲವೆಡೆಗಳಲ್ಲಿ ಅದೇ ಸಾಲಿನಲ್ಲಿ ಕೆರೆಯನ್ನೂ ತೋಪನ್ನೂ ಅಳಿದ ಪಾಪವನ್ನು ಸೇರಿಸಿರುವುದುಂಟು. ಕಾಶಿಯೂ ಹಳ್ಳಿಯ ಕೆರೆಯೂ ಒಂದೇ ಉಸಿರಿನಲ್ಲಿ ಬರುವುದನ್ನು ಬರಿಯ ವಾಡಿಕೆಯೆಂದು ತಳ್ಳಿಹಾಕುವುದು ಸರಿಯಾಗದು. ಅಲ್ಲದೆ, ಶಾಪವೆಂಬುದು ಹುಟ್ಟುವುದೇ ಅಪಹಾರದ ಅನುಭವದಿಂದ. ದತ್ತಿಗಳನ್ನು ಕಿತ್ತುಕೊಳ್ಳುವವರು ಇರದಿದ್ದರೆ ಶಾಪದ ಅಗತ್ಯವೇ ಇರುತ್ತಿರಲಿಲ್ಲ. ‘ಆಚಂದ್ರಾರ್ಕ’ವೆಂಬ ಶಬ್ದವನ್ನು ಬರೆಯಿಸಿದವನೇ ಅದರ ಕೆಳಗೆ ಶಾಪವನ್ನೂ ಬರೆಯಿಸಿದ್ದಾನೆ. ಚಂದ್ರಸೂರ್ಯರಿರುವವರೆಗೆ ಎಂಬುದು ಅವನ ಆಶೆ. ಶಾಪವು ಅವನ ಲೋಕಾನುಭವ.

೩

ಇನ್ನು ಬೇತಮಂಗಲಕ್ಕೆ ಬರೋಣ. ಪಾಲಾರ್ ನದಿಯ ದಡದಲ್ಲಿರುವ ಈ ಊರು ಈಗ ಕೆ.ಜಿ.ಎಫ್. ತಾಲ್ಲೂಕಿಗೆ ಸೇರಿದೆ, ಅದಕ್ಕೆ ಹಿಂದೆ ಬಂಗಾರಪೇಟೆ ತಾಲ್ಲೂಕಿನಲ್ಲಿತ್ತು, ಇನ್ನೂ ಹಿಂದೆ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿತ್ತು. ಶಾಸನಗಳಲ್ಲಿ ಇದರ ಹೆಸರು ವಿಜಯಾದಿತ್ಯಮಂಗಲ. ವಿಜಯಾದಿತ್ಯನೆಂಬ ಅರಸನ ಹೆಸರನ್ನು ಹೊತ್ತ ಊರು, ನಾಲಗೆಯಿಂದ ನಾಲಗೆಗೆ ದಾಟುತ್ತ ಆ ಅರಸನ ಹೆಸರನ್ನೇ ಕಳೆದುಕೊಂಡಿತು. ಕೆರೆಯನ್ನು ಮಾತ್ರ ಕಳೆದುಕೊಳ್ಳಲಿಲ್ಲ.

ಈ ಊರಿನ ಹಿರಿಯ ಕೆರೆಯು ಒಡೆದುಹೋಗಲಾಗಿ, ಸುಮಾರು ೯೫೦ರಲ್ಲಿ ದಿಲೀಪನೆಂಬ ಹೆಸರೂ ಇದ್ದ ನೊಳಂಬರ ಅರಸ ಇರಿವ ನೊಳಂಬನು ಅದನ್ನು ಮತ್ತೆ ಕಟ್ಟಿಸಿದನು. ಆ ವೇಳೆಗಾಗಲೇ ಅದು ಹಳೆಯ ಕೆರೆಯಾಗಿತ್ತೆಂಬುದು ಇದರಿಂದ ಸ್ಪಷ್ಟ. ಅನಂತರ ನೊಳಂಬವಾಡಿಯು ಗಂಗ ಮಾರಸಿಂಹನ ಪ್ರಹಾರಕ್ಕೆ ಸಿಕ್ಕಿತು. ಆತನು ನೊಳಂಬಕುಲಾಂತಕನೆಂಬ ಬಿರುದನ್ನು ಧರಿಸಿದನು. ಹನ್ನೊಂದನೆಯ ಶತಮಾನದ ಆದಿಯಲ್ಲಿ ಗಂಗರೂ ಅಳಿದು ಕೋಲಾರ ಸೀಮೆಯು ಚೋಳರ ವಶವಾಯಿತು. ಅದಕ್ಕೆ ನಿಕರಿಲಿಚೋಳಮಂಡಲವೆಂದು ಹೊಸ ಹೆಸರು ಬಂದಿತು. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳರು ಚೋಳರನ್ನು ಹೊರದೂಡಿದರು. ಈ ಎಲ್ಲ ಏರಿಳಿತಗಳಾದ ಮೇಲೆ, ೧೧೫೫ರಲ್ಲಿ, ಹೊಯ್ಸಳರ ದಂಡನಾಯಕ ಚೊಕ್ಕಿಮಯ್ಯನು ಅದೇ ಕೆರೆಯನ್ನು ಪುನಃ ದುರಸ್ತಿ ಮಾಡಿಸಿದನು.

ಇರಿವ ನೊಳಂಬನಿಗೂ ಚೊಕ್ಕಿಮಯ್ಯನಿಗೂ ನಡುವೆ ಇನ್ನೂರು ವರ್ಷಗಳ ಅಂತರವಿದೆ. ಇಬ್ಬರಿಗೂ ವಂಶದ ನಂಟಿಲ್ಲ. ಒಬ್ಬನ ರಾಜ್ಯವನ್ನು ಗಂಗರು ಅಳಿಸಿದರು, ಗಂಗರ ರಾಜ್ಯವನ್ನು ಚೋಳರು, ಚೋಳರ ಆಳ್ವಿಕೆಯನ್ನು ಹೊಯ್ಸಳರು. ರಾಜಕೀಯ ಇತಿಹಾಸವನ್ನು ಬರೆಯುವವನಿಗೆ ಇವು ನಾಲ್ಕು ಅಧ್ಯಾಯಗಳು. ಒಂದು ಮುಗಿದ ಮೇಲೆ ಇನ್ನೊಂದು. ಏರಿಯ ಮೇಲೆ ನಿಂತು ನೋಡುವವನಿಗೆ ಅಧ್ಯಾಯ ಒಂದೇ. ಭೂಮಿ ಯಾರ ವಶದಲ್ಲಿದೆಯೋ ಫಲ ಅವರದೆಂಬ ಶ್ಲೋಕಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ದೊರೆಯಲಾರದು. ಚೊಕ್ಕಿಮಯ್ಯನು ಹೊಸದೊಂದು ಕೆರೆಯನ್ನು ಕಟ್ಟಿಸಿ ತನ್ನ ಹೆಸರನ್ನಿಡಬಹುದಾಗಿತ್ತು. ಅನ್ಯರು ಕಟ್ಟಿಸಿದ್ದನ್ನು ಉಳಿಸುವುದು ಕೀರ್ತಿಯ ದೃಷ್ಟಿಯಿಂದ ಕಡಮೆಯ ಕೆಲಸ. ಧರ್ಮದ ದೃಷ್ಟಿಯಿಂದ ಅದೇ ಮಿಗಿಲೆಂದು ಆ ಶ್ಲೋಕಗಳು ಹೇಳುತ್ತಿದ್ದವು.

ಈ ಪಾಲನೆಯು ಕೇವಲ ಭಾವನೆಯಾಗಿರಲಿಲ್ಲ, ಅದಕ್ಕೊಂದು ವ್ಯವಸ್ಥೆಯಿತ್ತು. ಕೋಲಾರ ಸೀಮೆಯ ಶಾಸನಗಳಲ್ಲಿ ಬಿತ್ತುವಟ್ಟವೆಂಬ ಶಬ್ದ ಅಡಿಗಡಿಗೆ ಬರುತ್ತದೆ. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಅದನ್ನು ನೋಡಿಕೊಳ್ಳುವವನಿಗೆ ಆ ಕೆರೆಯ ಕೆಳಗಿನ ಗದ್ದೆಯಲ್ಲಿ ಬಿಡುತ್ತಿದ್ದ ಭಾಗಕ್ಕೆ ಆ ಹೆಸರು. ಮುಂದಿನ ಕಾಲದಲ್ಲಿ ದಶವಂದ, ಕಟ್ಟುಕೊಡಗೆ ಎಂಬ ಹೆಸರುಗಳು ಬಳಕೆಗೆ ಬಂದವು. ಹೂಳನ್ನು ಸಾಗಿಸುವ ಕೆರೆಬಂಡಿಗೆಂದೇ ದತ್ತಿ ಬಿಟ್ಟ ಉದಾಹರಣೆಗಳೂ ಇವೆ. ನೀರನ್ನು ಹಂಚುವ ನೀರಗಂಟಿಗೆ ಊರಿನ ಪಾಲಿರುತ್ತಿತ್ತು. ಕೆರೆಯಲ್ಲಿ ನೀರಿದ್ದರೆ ಮಾತ್ರ ಗದ್ದೆಗೆ ಬೆಲೆ. ಗದ್ದೆಗೆ ಬೆಲೆಯಿರಬೇಕಾದರೆ ಏರಿಯನ್ನು ಕಾಯಲೇಬೇಕು. ದಾನಿಯು ಹೋದ ಮೇಲೆಯೂ ಅವನ ಇಚ್ಛೆ ನಡೆಯುವಂತೆ ಮಾಡುವ ಉಪಾಯವಿದು. ಕೋಲಾರಮ್ಮನ ದೇವಾಲಯದಲ್ಲಿ ಕುಲೋತ್ತುಂಗ ಚೋಳನ ಕಾಲದ ತಮಿಳು ಶಾಸನವು ನಿತ್ಯದ ಸೇವೆಗೆ ಇಷ್ಟಿಷ್ಟು ಎಂದು ಅಳತೆಗಳನ್ನು ಎಣಿಸಿ ಹೇಳುವುದೂ ಇದೇ ಬುದ್ಧಿಯಿಂದ. ನೆಚ್ಚಿಗೆಗೆ ತಕ್ಕ ದಾನವು ದೊಡ್ಡದಾಗಿರಬೇಕೆಂದಿಲ್ಲ, ನಾಳೆಯೂ ನಡೆಯುವಂತಿರಬೇಕು.

೪

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ಮರೆಮಾಚುವುದು ನ್ಯಾಯವಲ್ಲ.

ಈ ದಾನಗಳು ನಿಸ್ವಾರ್ಥವಾಗಿರಲಿಲ್ಲ ಎಂಬುದು ಒಂದು. ಕೆರೆಯಿಂದ ಗದ್ದೆ, ಗದ್ದೆಯಿಂದ ಕಂದಾಯ. ಜೊತೆಗೆ ಪುಣ್ಯ, ಕೀರ್ತಿ. ಇದನ್ನು ಒಪ್ಪಬೇಕು. ಆದರೆ ನಾವಿಲ್ಲಿ ತೂಗುತ್ತಿರುವುದು ದಾನಿಯ ಮನಸ್ಸಿನ ಶುದ್ಧಿಯನ್ನಲ್ಲ. ಅದನ್ನು ತೂಗುವ ಸಾಧನವು ಇತಿಹಾಸಕಾರನಲ್ಲಿಲ್ಲ. ಕೊಟ್ಟದ್ದು ಉಳಿಯಿತೇ, ಯಾರಿಂದ ಉಳಿಯಿತು ಎಂಬುದನ್ನು ಅವನು ಕೇಳಬಹುದು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮಣ್ಣು ಹೊತ್ತವರ ಹೆಸರು ಶಾಸನದಲ್ಲಿಲ್ಲ. ಕಟ್ಟಿಸಿದವನ ಹೆಸರಿದೆ, ಕಟ್ಟಿದವರದು ಇಲ್ಲ. ‘ಕೆರೆಗೆ ಹಾರ’ವೆಂಬ ಜನಪದ ಗೀತೆಯು ಈ ಮೌನಕ್ಕೆ ಎದುರಾಗಿ ನಿಂತಿದೆ. ಅಲ್ಲಿ ಕೆರೆಯಲ್ಲಿ ನೀರು ಬರಲೆಂದು ಮನೆಯ ಕಿರಿಯ ಸೊಸೆಯಾದ ಭಾಗೀರಥಿಯನ್ನು ಬಲಿಗೊಡುತ್ತಾರೆ. ಊರಗೌಡನು ಕೊಟ್ಟವನೆನಿಸಿಕೊಳ್ಳುತ್ತಾನೆ, ಜೀವ ಹೋಗುವುದು ಸೊಸೆಯದು. ತನ್ನದನ್ನು ಕೊಡುವುದಕ್ಕೂ ಇನ್ನೊಬ್ಬರದನ್ನು ತೆತ್ತು ದಾನಿಯೆನಿಸಿಕೊಳ್ಳುವುದಕ್ಕೂ ಇರುವ ಭೇದವನ್ನು ಶಾಸನಕಾರರು ಮುಚ್ಚಿಟ್ಟರೆ, ಹಾಡುವ ಹೆಂಗಸರು ಬಿಚ್ಚಿಟ್ಟರು. ದತ್ತಿಶಾಸನವನ್ನು ಪಾಠಮಾಡುವ ಅಧ್ಯಾಪಕನು ಅದರ ಪಕ್ಕದಲ್ಲಿ ಈ ಗೀತೆಯನ್ನೂ ಇಟ್ಟುಕೊಳ್ಳಬೇಕೆಂದು ನಾವು ತಿಳಿದಿದ್ದೇವೆ.

ಇದಕ್ಕೆ ಪ್ರತಿಯಾಗಿ ಹಂಪೆಯ ಲಕ್ಷ್ಮೀಧರಾಮಾತ್ಯನ ಶಾಸನವನ್ನೂ ನೆನೆಯಬೇಕು. ಒಂದನೆಯ ದೇವರಾಯನ ಕಾಲದ ಆ ಶಾಸನದಲ್ಲಿ ತಾಯಿಯೊಬ್ಬಳು ಹಾಲೂಡುತ್ತಲೇ ಮಗುವಿನ ಕಿವಿಯಲ್ಲಿ, ಕೆರೆಯನ್ನು ಕಟ್ಟಿಸು, ಬಾವಿಯನ್ನು ತೋಡಿಸು, ಸೆರೆಸಿಕ್ಕ ಅನಾಥರನ್ನು ಬಿಡಿಸು ಎಂದು ಹೇಳುತ್ತಾಳೆ. ಅಲ್ಲಿ ದಾನವು ಅರಸನ ವೈಭವದಿಂದ ಹೊರಟದ್ದಲ್ಲ. ಮನೆಯ ತೊಟ್ಟಿಲ ಬಳಿ ಕಲಿತದ್ದು. ಒಂದು ಬರಹದಲ್ಲಿ ಹೆಣ್ಣು ಬಲಿ, ಇನ್ನೊಂದರಲ್ಲಿ ಹೆಣ್ಣು ಗುರು. ಕನ್ನಡದ ದಾನಪರಂಪರೆಯಲ್ಲಿ ಎರಡೂ ಉಂಟು. ಒಂದನ್ನು ತೋರಿಸಿ ಇನ್ನೊಂದನ್ನು ಅಡಗಿಸಿದರೆ ಅದು ವಿಮರ್ಶೆಯಾಗದು.

ಕಾಯದೆ ಹೋದರೆ ಏನಾಗುವುದೆಂಬುದಕ್ಕೂ ಇದೇ ನದಿ ಸಾಕ್ಷಿ ನುಡಿದಿದೆ. ೧೯೦೩ರ ನವೆಂಬರಿನಲ್ಲಿ ಮೈಸೂರು ಸಂಸ್ಥಾನದ ಮೇಲ್ಭಾಗದ ಕೆರೆಗಳು ಒಡೆದು ಪಾಲಾರ್ ಉಕ್ಕಿ ಹರಿದಾಗ, ಕೆಳಗಿನ ವಾಣಿಯಂಬಾಡಿಯಲ್ಲಿ ಬಹುಮಂದಿ ಪ್ರಾಣ ಕಳೆದುಕೊಂಡರು. ಏರಿಯ ಗಟ್ಟಿತನವು ಆ ಊರಿನವರಿಗಷ್ಟೇ ಸಂಬಂಧಪಟ್ಟದ್ದಲ್ಲ. ಬೇರೊಂದು ನಾಡಿನ, ಬೇರೊಂದು ನುಡಿಯ, ಮುಖಪರಿಚಯವೇ ಇಲ್ಲದ ಜನರ ಪ್ರಾಣವೂ ಅದಕ್ಕೆ ತಗುಲಿಕೊಂಡಿರುತ್ತದೆ.

೫

ಕಡೆಯದಾಗಿ ಗಣಿಗಳ ಮಾತು. ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ೧೮೮೦ರಲ್ಲಿ ಇಲ್ಲಿಗೆ ಬಂದಿತು. ಬಂಡವಾಳವೆಲ್ಲ ಮುಗಿಯುತ್ತಿದ್ದ ಗಳಿಗೆಯಲ್ಲಿ ಸಮೃದ್ಧವಾದ ಪದರವು ದೊರೆತದ್ದು ಮೈಸೂರು ಮೈನ್ಸಿನಲ್ಲಿಯೇ. ಅಲ್ಲಿಂದ ಮುಂದೆ ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಮೊದಲಾದ ಗಣಿಗಳು ಬೆಳೆದವು. ೧೮೯೪ರಲ್ಲಿ ಮಾರಿಕುಪ್ಪಕ್ಕೆ ರೈಲು ಬಂದಿತು. ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಕುಡಿಯುವ ನೀರು ಎಲ್ಲಿಂದ ಬಂದಿತು? ಬೇತಮಂಗಲದಿಂದ. ಇಪ್ಪತ್ತನೆಯ ಶತಮಾನದ ಆರಂಭದಿಂದ ಆ ಕೆರೆಯ ನೀರನ್ನು ಶುದ್ಧಿಗೊಳಿಸಿ ಕೊಳವೆಗಳ ಮೂಲಕ ಗಣಿಗಳ ಪಟ್ಟಣಕ್ಕೆ ಒದಗಿಸಲಾಯಿತು. ಬಿಸಿಯಾದ ಬಂಡೆಗಳ ನಡುವೆ ದುಡಿದು, ೩ ಕಿಲೋಮೀಟರಿಗೂ ಹೆಚ್ಚಿನ ಆಳದಿಂದ ಮೇಲೆ ಬಂದ ತಮಿಳು, ತೆಲುಗು, ಕನ್ನಡದ ಕೂಲಿಗಾರರು ಕುಡಿದದ್ದು ಇರಿವ ನೊಳಂಬನೂ ಚೊಕ್ಕಿಮಯ್ಯನೂ ಉಳಿಸಿದ ಕೆರೆಯ ನೀರನ್ನು. ಈ ಇಬ್ಬರ ಹೆಸರನ್ನು ಅವರು ಕೇಳಿರಲಾರರು. ಇಂತಹ ಜನ ಬರುವರೆಂದು ಆ ಇಬ್ಬರಿಗೂ ತಿಳಿದಿರಲಾರದು.

ಗಣಿಗಳ ಒಡೆತನ ೧೯೫೬ರಲ್ಲಿ ಮೈಸೂರು ಸರ್ಕಾರಕ್ಕೆ, ೧೯೬೨ರಲ್ಲಿ ಕೇಂದ್ರ ಸರ್ಕಾರಕ್ಕೆ, ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಗೆ ಬಂದಿತು. ೨೦೦೧ರ ಫೆಬ್ರವರಿ ೨೮ರಂದು ಅವು ಮುಚ್ಚಿದವು. ನೂರಿಪ್ಪತ್ತು ವರ್ಷಗಳಲ್ಲಿ ತೆಗೆದ ಚಿನ್ನ ಸುಮಾರು ೮೦೦ ಟನ್ನು. ಅದರಲ್ಲಿ ಒಂದು ಗುಂಜಿಯೂ ಊರಿನಲ್ಲಿ ಉಳಿದಿಲ್ಲವೆಂದರೆ ಅತಿಶಯೋಕ್ತಿಯೆನಿಸದು. ಉಳಿದಿರುವುದು ಸಯನೈಡು ಬೆರೆತ ಮಣ್ಣಿನ ದಿಬ್ಬಗಳು. ಇದನ್ನು ನಾವು ಗಣಿಯ ಕಾರ್ಮಿಕರ ದುಡಿಮೆಯನ್ನು ಹಗುರಮಾಡಲೆಂದು ಹೇಳುತ್ತಿಲ್ಲ. ಅವರು ತಮ್ಮ ಪುಪ್ಪುಸಗಳನ್ನೇ ಅಲ್ಲಿ ತೆತ್ತರು. ಅವರು ಕೊಟ್ಟದ್ದನ್ನು ಕಾಯುವ ಕಟ್ಟಳೆಯೊಂದು ಇರಲಿಲ್ಲ ಎಂಬುದೇ ನಮ್ಮ ವ್ಯಥೆ. ಬಿತ್ತುವಟ್ಟವು ಕೆರೆಯ ಫಲದ ಒಂದು ಭಾಗವನ್ನು ಕೆರೆಗೇ ಹಿಂದಿರುಗಿಸುತ್ತಿತ್ತು. ಚಿನ್ನದ ಫಲದಲ್ಲಿ ಅದು ಹೊರಟ ನೆಲಕ್ಕೆ ಅಂತಹ ಪಾಲನ್ನು ಯಾರೂ ಗೊತ್ತುಮಾಡಲಿಲ್ಲ.

ಕೆರೆಯ ಪಾಡು ನಿಶ್ಚಿಂತವೆಂದು ಇದರ ಅರ್ಥವಲ್ಲ. ೧೯೫೪ ಮತ್ತು ೧೯೫೫ರ ಕಾಯಿದೆಗಳು ಇನಾಮುಗಳನ್ನು ರದ್ದುಗೊಳಿಸಿದವು. ೧೯೬೧ರ ಕಾಯಿದೆಯು ಪರಂಪರಾಗತ ಗ್ರಾಮಾಧಿಕಾರಗಳನ್ನು ತೆಗೆಯಿತು. ಹುಟ್ಟಿನಿಂದ ಬರುವ ಹಕ್ಕನ್ನು ತೆಗೆದದ್ದು ನ್ಯಾಯವೇ ಸರಿ. ಆದರೆ ಹಕ್ಕಿನೊಡನೆ ಹೊಣೆಯೂ ಕಟ್ಟಿಕೊಂಡಿತ್ತು. ಹಕ್ಕನ್ನು ಬಿಚ್ಚಿದಾಗ ಹೊಣೆಯೂ ಸಡಿಲಿ ಬಿದ್ದಿತು. ಅದನ್ನು ಎತ್ತಿಕೊಳ್ಳುವವರು ಯಾರೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಕಂದಾಯ, ನೀರಾವರಿ, ಪಂಚಾಯಿತಿ ಎಂದು ಕೆರೆಗೆ ಒಡೆಯರು ಹಲವರಾದರು; ಇದು ನನ್ನದೆಂದು ಮಳೆಗಾಲದ ರಾತ್ರಿಯಲ್ಲಿ ಏರಿಯ ಮೇಲೆ ನಡೆದುಹೋಗುವವನು ಇಲ್ಲವಾದನು.

ನಾವು ಕೆಲವು ವಿದ್ಯಾರ್ಥಿಗಳೊಡನೆ ಮೈಸೂರು ಮೈನ್ಸಿನಿಂದ ಬೇತಮಂಗಲಕ್ಕೆ ಹೋಗಿದ್ದಾಗ ಅವರಲ್ಲೊಬ್ಬನು, ಈ ಶಾಸನ ಯಾವ ವಂಶಕ್ಕೆ ಸೇರಿದ್ದು ಎಂದು ಕೇಳಿದನು. ಪರೀಕ್ಷೆಯ ದೃಷ್ಟಿಯಿಂದ ಪ್ರಶ್ನೆ ಸಾಧುವಾದದ್ದೇ, ಉತ್ತರವನ್ನೂ ಕೊಟ್ಟೆವು. ಆದರೆ ಆ ಶಿಲೆಯು ತನ್ನ ಕಡೆಯ ಸಾಲುಗಳಲ್ಲಿ ಕೇಳುವ ಪ್ರಶ್ನೆ ಬೇರೆ: ಈಗ ಈ ಭೂಮಿ ಯಾರ ವಶದಲ್ಲಿದೆ? ಅರಸರಿದ್ದಾಗ ಅದಕ್ಕೆ ಅರಸರು ಉತ್ತರ ಹೇಳಬೇಕಾಗಿತ್ತು. ಈಗ ಭೂಮಿಯು ಪ್ರಜೆಗಳ ವಶದಲ್ಲಿದೆ. ಆದುದರಿಂದ ಮುಂದೆ ಬರಲಿರುವ ಅರಸರೇ ಎಂದು ಶ್ರೀರಾಮಚಂದ್ರನು ಬೇಡಿಕೊಂಡದ್ದು, ಈ ಸಂಚಿಕೆಯನ್ನು ಓದುತ್ತಿರುವ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಕುರಿತೇ ಎಂದು ಅರ್ಥಮಾಡಬೇಕಾಗುತ್ತದೆ. ಶಾಸನಗಳ ಉತ್ತರಭಾಗವನ್ನು ಪಠ್ಯದಲ್ಲಿ ಪೂರ್ಣವಾಗಿ ಓದಿಸಬೇಕೆಂದೂ, ಶಾಸನವಿರುವ ಊರಿನ ಕೆರೆ ಈಗ ಯಾವ ಸ್ಥಿತಿಯಲ್ಲಿದೆಯೆಂಬುದನ್ನು ಅದೇ ಪಾಠದ ಭಾಗವಾಗಿ ವಿದ್ಯಾರ್ಥಿಗಳು ನೋಡಿ ಬರೆದಿಡಬೇಕೆಂದೂ ನಾವು ಸೂಚಿಸುತ್ತೇವೆ. ಕಲ್ಲನ್ನು ಓದಿದ ಮೇಲೆ ತಿರುಗಿ ಏರಿಯನ್ನೂ ನೋಡಿದಲ್ಲದೆ ಆ ಓದು ಮುಗಿಯದು.